ಹೆಸ್ಕಿಯಂ ಎಷ್ಟು ಗಟ್ಟಿ

ಜುಬೈಲಿನ ಕ್ಯಾಂಪಿನ ಹದಿನಾಲ್ಕನೇ ಕೋಣೆಯಲ್ಲಿ
ಎ.ಸಿ. ತೊಟ್ಟಿಕ್ಕುವ ನೀರಿಗೆ ಪೇಂಟಿನ ಡಬ್ಬ ಇಟ್ಟು
ನಾವು ನಾಲ್ವರು ಒಂದೇ ಫೋನಿಗೆ ತಲೆ ಕೊಟ್ಟು ಕೂತಿದ್ದೇವೆ.
ಮೂರನೇ ಸೀಸನ್ನು, ಎಂಟನೇ ಕಂತು.
ಸೂರ್ಯನನ್ನೇ ಬತ್ತಿಯಂತೆ ಹೊಸೆದು ಉರಿಸುವ ಫಿರಂಗಿಯ ಎದುರು
ಹೆಸ್ಕಿಯಂ ಕವಚ ತೊಟ್ಟ ಕ್ಯಾಪ್ಟನ್ ಯೆಸ್ತಾ
ಕಾಲು ಅಗಲಿಸಿ ನಿಂತಿದ್ದಾಳೆ.

ಕರಗುವುದಿಲ್ಲ, ಎನ್ನುತ್ತಾನೆ ಶಾಬಂದ್ರಿ.
ಭಟ್ಕಳದವನು; ಪಂಥಕ್ಕೆಂದೇ ಜೇಬಲ್ಲಿ ಸದಾ ಎರಡು ರಿಯಾಲು.
ಮೊದಲ ಸೀಸನ್ನಿನಲ್ಲಿ ಅರ್ಧ ಗ್ರಹ ಮೈಮೇಲೆ ಬಿದ್ದರೂ
ಗೀರು ಬೀಳಲಿಲ್ಲವಲ್ಲ?
ಹೋದ ವಾರ ಈರುಳ್ಳಿ ಹೆಚ್ಚುವ ಚಾಕುವಿನಂಥದ್ದೊಂದು
ಪಕ್ಕೆಯಲ್ಲಿ ಸಲೀಸಾಗಿ ಇಳಿಯಿತಲ್ಲ, ಎಂದೆ ನಾನು.
ಅದು ಸಂದಿಯಲ್ಲಿ ಇಳಿದದ್ದು.
ಸಂದಿ ಇರಲಿಲ್ಲ ಅಲ್ಲಿ, ಹಿಂದಕ್ಕೆ ಎಳೆದು ನೋಡು.
ರೊಡೆಲ್ ನೂಡಲ್ಸ್ ಹೀರುತ್ತ ಅಂದ, ತನ್ನ ಹರಕು ಹಿಂದಿಯಲ್ಲಿ:
ಕಥೆಗೆ ಎಷ್ಟು ಬೇಕೋ ಅಷ್ಟು ಗಟ್ಟಿ. ಸುಮ್ಮನೆ ನೋಡಿ.

ನಾನು ಸುಮ್ಮನಿರಲಾರೆ.
ಭದ್ರಾವತಿಯಲ್ಲಿ ಹುಟ್ಟಿದವನು, ಕಾರ್ಖಾನೆಯ ಸೈರನ್ನಿಗೆ ಎದ್ದು ಬೆಳೆದವನು,
ಇಲ್ಲಿ ಹನ್ನೊಂದು ವರ್ಷದಿಂದ ಉಕ್ಕಿನ ಕ್ಷಯ ಅಳೆಯುವವನು.
ಪೈಪಿಗೆ ಲೋಳೆ ಸವರಿ, ಪ್ರೋಬ್ ಒತ್ತಿ,
ಸದ್ದು ಒಳಹೊಕ್ಕು ಆಚೆಯ ಗೋಡೆ ಮುಟ್ಟಿ
ತಿರುಗಿ ಬರುವುದನ್ನು ಕಾಯುತ್ತೇನೆ.
ಹನ್ನೆರಡು ಪಾಯಿಂಟ್ ಏಳು ಇದ್ದದ್ದು
ಒಂಬತ್ತು ಪಾಯಿಂಟ್ ಎರಡು.
ಸೀಮೆಸುಣ್ಣದಲ್ಲಿ ಬರೆದು, ಸುತ್ತ ಗೆರೆ ಎಳೆದು, ಮುಂದಿನದಕ್ಕೆ.
ಹೊರಗೆ ಬಣ್ಣ ಹೊಸ ಮದುಮಗನ ಹಾಗೆ;
ಒಳಗೆ ಗಂಧಕ ತಿನ್ನುತ್ತಿರುತ್ತದೆ,
ಗೆದ್ದಲಿಗೂ ಇಷ್ಟು ತಾಳ್ಮೆ ಇಲ್ಲ.

ಆ ಸರಣಿಯಲ್ಲಿ ಯಾರೂ ಕೇಳುವುದಿಲ್ಲ
ಹೆಸ್ಕಿಯಂ ಎಷ್ಟು ಮಿಲಿಮೀಟರು, ಯಾವ ಕುಲುಮೆಯ ಎರಕ,
ಬೆಸುಗೆ ಹಾಕಿದವನ ಹೆಸರೇನು,
ಹಿಂದಿನ ರಾತ್ರಿ ಅವನಿಗೆ ನಿದ್ದೆ ಆಗಿತ್ತೇ.
ನಾನೂರು ವರ್ಷ ಶೂನ್ಯದಲ್ಲಿ ತೇಲಿದ ಹಡಗಿನ ಮೈಗೆ
ಒಂದು ಬೊಟ್ಟು ತುಕ್ಕೂ ಇಲ್ಲ.
ಶೂನ್ಯದಲ್ಲಿ ಗಾಳಿಯೇ ಇಲ್ಲ ಮಾರಾಯ, ತುಕ್ಕು ಎಲ್ಲಿಂದ?
ಸರಿ. ಆ ಮಾತಿನಲ್ಲಿ ಶಾಬಂದ್ರಿ ಗೆದ್ದ.
ಆದರೆ ತಂದು ನಿಲ್ಲಿಸಲಿ ಇಲ್ಲಿ, ಆಗಸ್ಟಿನಲ್ಲಿ, ಸಮುದ್ರದ ಮಗ್ಗುಲಿಗೆ,
ನಡುರಾತ್ರಿಯೂ ಕನ್ನಡಕ ಬೆವರುವ ಈ ಉಪ್ಪುಗಾಳಿಗೆ,
ಒಂದು ಶಟ್‌ಡೌನಿನಿಂದ ಇನ್ನೊಂದರವರೆಗೆ.
ಆಮೇಲೆ ನನ್ನ ಕೈಗೆ ಕೊಡಲಿ.

ಟೇಕ್ ಬಹಾದ್ದೂರ್ ಇಷ್ಟು ಹೊತ್ತೂ ಮಾತಾಡಿರಲಿಲ್ಲ.
ಮಡಿಲಲ್ಲಿ ಹೆಲ್ಮೆಟ್ಟು; ಒಳಗಿನ ಪಟ್ಟಿ ಬಿಚ್ಚಿ ಒರೆಸುತ್ತಿದ್ದ.
ಅವನದಲ್ಲ. ಮಂಗಳವಾರ ಟ್ಯಾಂಕಿನೊಳಗೆ ಸೆಕೆಗೆ ಕುಸಿದ
ಅವನ ಊರಿನ ಹುಡುಗನದು.
ನಾಳೆ ಸ್ಟೋರಿಗೆ ಹಿಂದಿರುಗಿಸಬೇಕು, ತೊಳೆದು.
ಅಂಚಿನ ಒಳಗೆ ಅಚ್ಚೊತ್ತಿದ ಪುಟ್ಟ ಚಕ್ರ,
ತಯಾರಾದ ತಿಂಗಳು ತೋರುವ ಬಾಣ.
ಲೆಕ್ಕ ಹಾಕಿದರೆ ಇನ್ನೂ ಮೂರು ವರ್ಷ ಬಾಳಿಕೆ.
ಒಂದು ಗೀರೂ ಇಲ್ಲ.
ಹುಡುಗನ ಇಕಾಮಾಕ್ಕೆ ನಲವತ್ತು ದಿನ ಉಳಿದಿದೆ.
ಆಸ್ಪತ್ರೆಯಿಂದ ಫೋನು ಬಂದಿಲ್ಲ.

ಪರದೆಯ ಮೇಲೆ ಫಿರಂಗಿ ಆರಿತು.
ಕವಚ ಹಾಗೇ ನಿಂತಿದೆ, ತೊಳೆದಿಟ್ಟ ತಂಬಿಗೆಯಂತೆ.
ಸಂಗಾತಿಯೊಬ್ಬ ಓಡಿಬಂದು ಮುಖದ ಕದ ತೆರೆದ.
ಅಲ್ಲಿಗೆ ಕಂತು ಮುಗಿಸಿದರು, ಬದ್ಮಾಶರು.
ನೋಡಿದೆಯಾ, ಕರಗಲಿಲ್ಲ, ಎಂದ ಶಾಬಂದ್ರಿ.
ಆದರೆ ರಿಯಾಲಿಗೆ ಕೈ ಚಾಚಲಿಲ್ಲ.

ಟೇಕ್ ಬಹಾದ್ದೂರ್ ಚಿತ್ರವನ್ನು ಒಂದಿಷ್ಟು ಹಿಂದಕ್ಕೆ ಎಳೆದು
ನಿಲ್ಲಿಸಿ, ಫೋನು ನನ್ನ ಮುಂದೆ ಹಿಡಿದ.
ಅಳೆ, ಅಂದ.
ತಮಾಷೆಯೋ ಏನೋ ತಿಳಿಯಲಿಲ್ಲ.
ಚೀಲದಿಂದ ಗೇಜು ತೆಗೆದೆ. ಒಂದು ತೊಟ್ಟು ಲೋಳೆ.
ಹೆಸ್ಕಿಯಂ ಎದೆಯ ಮೇಲೆ ಪ್ರೋಬ್ ಇಟ್ಟೆ.
ಅಂಕಿ ಹಾರಿತು, ಇಳಿಯಿತು, ಮತ್ತೆ ಹಾರಿತು.
ನಾಲ್ವರೂ ಬಗ್ಗಿ ಕಾದೆವು, ಅದು ಎಲ್ಲಾದರೂ ನಿಲ್ಲಲೆಂದು.
ಡಬ್ಬ ತುಂಬಿ ಚೆಲ್ಲತೊಡಗಿತ್ತು;
ಯಾರೂ ಏಳಲಿಲ್ಲ.