ಬಟಾಣಿಯಷ್ಟು ತೂತು

ಕುಡ್ತರಿಯ ಈ ಮನಿಗೆ ಮುನ್ನೂರು ವರ್ಷ ಅಂತಾರ,
ನನಗ ಇಲ್ಲಿ ಬರೇ ಹನ್ನೊಂದು.
ಕೀಲಿಕೈ ಐವತ್ಮೂರು. ಯಾವ ಬಾಗಿಲಿಗೆ ಯಾವುದು,
ಕತ್ತಲಾಗೂ ಬೆರಳು ಹೇಳ್ತಾವ.

ಶನಿವಾರ ಮೂರಕ್ಕ ಹುಡುಗ್ರು ಬರ್ತಾರ,
ಮೀಸಿ ಚಿಗುರೂ ಮೊದಲ ದನಿ ಒಡದವರು,
ವಿಜ್ಞಾನದ ಕ್ಲಬ್ಬಂತ.
ಹೋದ ವಾರ ನಿಂಬಿಹಣ್ಣಿಗೆ ಮೊಳಿ, ತಾಮ್ರದ ತಂತಿ ಚುಚ್ಚಿ
ಸಾಸಿವಿಯಷ್ಟು ದೀಪ ಹಚ್ಚಿದ್ರು;
ಹಣ್ಣು ಹಿತ್ತಲದ್ದು, ಲೆಕ್ಕ ನಾ ಕೊಡಬೇಕು.
ಅದಕ್ಕೂ ಹಿಂದ, ದೊಡ್ಡ ಹಾಲಿನ ಝೂಮರಿನ ಕೊಕ್ಕಿಗೆ
ಹಗ್ಗ, ಹಗ್ಗಕ್ಕ ಇಟಗಿ ಕಟ್ಟಿ ತೂಗಿ
ಲೆಸ್ಲಿಯ ಮೊಣಕೈ ಕೆತ್ತಿತ್ತು.

ಆ ಹಾಲಿನಾಗ ಫುರ್ತಾದ್ ಮನಿತನದ ಹಿರೇರು
ಎಣ್ಣಿಬಣ್ಣದಾಗ ಕುಂತಾರ, ಹದಿನಾಲ್ಕು ಮಂದಿ.
ಮೀಸಿ, ಬೀಸಣಿಕಿ, ಒಂದು ನಾಯಿನೂ ಐತಿ.
ದಿನಾ ಒರಸ್ತೀನಿ; ಅವರು ನನ್ನ ಭುಜದಾಚಿ ಎಲ್ಲೋ ನೋಡ್ತಾರ.

ಕಿಟಕಿಗೆ ಗಾಜಿಲ್ಲ, ಸಿಂಪಿ ಚಿಪ್ಪಿನ ಬಿಲ್ಲಿ,
ಹಾಲು ಕಾಸಿದಂಥ ಬೆಳಕು.
ಒಂದು ಕದದಾಗ ಗಂಟು ಉದುರಿ ತೂತು, ಬಟಾಣಿಯಷ್ಟು.
"ಭೀಮ್ಶಿ, ಮಳಿ ಬರೂದ್ರಾಗ ಮುಚ್ಚು" ಅಂದಿದ್ರು ಎರ್ಮೆಲಿಂದಾ ಬಾಯಿ.
ಮೇಣ, ಕಟಗಿ ಹೊಟ್ಟು ಕಲಿಸಿ
ಉಂಡಿ ಮಾಡಿ ಕಿಸೆದಾಗ ಇಟ್ಟಿದ್ದೆ.

"ಮುಚ್ಚಬ್ಯಾಡ್ರಿ!" ಅಂತ ಓಡಿ ಬಂದಳು ಝೆನಿಟಾ ಅನ್ನೂ ಹುಡುಗಿ,
"ಇವತ್ತು ನಮಗ ಬೇಕಾಗಿದ್ದು ಅದೊಂದ!"
(ಕೊಂಕಣಿಯಾಗ ಕೂಗ್ತಾರ,
ನನ್ನ ಕಿವಿ ಕನ್ನಡ ಮಾಡಿಕೊಂತೈತಿ.)

ಸಿಮೆಂಟಿನ ಚೀಲ, ರೇನ್‌ಕೋಟು, ಪಿಯಾನೋದ ಮುಸುಕು,
ಕಿಟಕಿಗೊಂದೊಂದು. ಕಡೀ ಕಿಟಕಿಗೆ ಸಾಲಲಿಲ್ಲ.
ನನ್ನ ಕೌದಿ ಕೊಟ್ಟೆ,
ತಾಳಿಕೋಟಿಯಾಗ ನಮ್ಮವ್ವ ಹೊಲದದ್ದು,
ಹದಿನೆಂಟು ಸೀರಿಯ ತುಂಡು. ಕತ್ತಲಾತು.
"ಹೊರಗ ಯಾರಾರ ನಿಲ್ಲಬೇಕಲ್ಲ?" ಅಂದ್ರು ನೊರ್ಬೆರ್ತ ಸರ್.
ಎಲ್ಲಾರೂ ನನ್ನ ಕಡೆ ತಿರಗಿದ್ದು
ಕತ್ತಲಾಗೂ ಗೊತ್ತಾತು.

ಹಿತ್ತಲ ಅಂಗಳದಾಗ, ಚಿಕ್ಕು ಗಿಡದ ಮುಂದ, ಬಿಸಲಾಗ ನಿಂತೆ.
ಒಳಗ ಹತ್ತು ನಿಮಿಷ ಸದ್ದಿಲ್ಲ.
ಕಣ್ಣಿಗೆ ಕತ್ತಲ ಪಳಗಬೇಕಂತ.
ಆಮ್ಯಾಲ ಒಮ್ಮೆಲೇ ಚೀರಿದ್ರು ನೋಡ್ರಿ,
ಹಾವು ಬಂತೇನೋ ಅನಕೊಂಡೆ.
"ಅಂಕಲ್, ಬಲಗೈ ಎತ್ರಿ!" ಎತ್ತಿದೆ.
"ಅದಲ್ಲ, ಇನ್ನೊಂದು!" ಎತ್ತಿದೆ. ನಗಿ.
"ಈ ಕಡೆ ನಡೀರಿ, ಅಲ್ಲ, ಆ ಕಡೆ!"
ಕಿಟಕಿ ಎಲ್ಲಾ ಕಣ್ಣು ಮುಚ್ಚಿದ್ವು;
ಯಾರ ಮುಂದ ಈ ಕವಾಯತು?

ಯಾಕ ತಲಿಕೆಳಗ? ಸರ್ ಉತ್ತರ ಹೇಳೂ ಪೈಕಿ ಅಲ್ಲ,
ದಾರದ ಉಂಡಿ ಕೊಟ್ಟು ಹೊರಗ ಕಳಿಸಿದ್ರು.
ಝೆನಿಟಾ ನನ್ನ ಟೊಪ್ಪಿಗೆಗೆ ಬಿಳಿ ಎಳಿ ಕಟ್ಟಿದಳು,
ಚಪ್ಪಲಿಯ ಉಂಗುಟಕ್ಕ ಕೆಂಪಂದು.
ಎರಡೂ ತೂತಿನಾಗ ಪೋಣಿಸಿ ಒಳಗ ಬಿಗಿಯಾಗಿ ಎಳದ್ರು.
"ಅಲಗಬ್ಯಾಡ್ರಿ!"
ಅಲಗಲಿಲ್ಲ. ಮೂಗಿನ ಮ್ಯಾಲ ಇರಿವಿ.
ತಲಿಯ ದಾರ ನೆಲಕ್ಕ ಮುಟ್ತಂತ,
ಕಾಲಿನ ದಾರ ಮ್ಯಾಲೇರಿ
ಯಾವನೋ ಫುರ್ತಾದನ ಗದ್ದಕ್ಕ.
ನನಗ ಜೀವ ಝಲ್ಲಂತು: ಚಪ್ಪಲಿ, ಗದ್ದ.
ಹುಡುಗ್ರಿಗೆ ಅದು ಗೆರಿ ಅಷ್ಟ.
"ಬೆಳಕಿಗೆ ಬಳಕೂದು ಗೊತ್ತಿಲ್ಲ" ಅಂದ ಮುಸ್ತಫಾ,
ಒಡದ ದನಿಯಾಗ, ದೊಡ್ಡಾಂವನಂಗ.

ಐದಕ್ಕ ಹೋದ್ರು. ಕೌದಿ ತಗಿಯೂದು ಯಾರಿಗೂ ನೆನಪಿಲ್ಲ.
ಒಳಗ ಹೋಗಿ ನೆಲದ ಮ್ಯಾಲ ಕುಂತು ಕಾದೆ.
ಮೊದಲು ಏನೂ ಇಲ್ಲ. ಆಮ್ಯಾಲ ಹಸರು.
ಚಿಕ್ಕು ಗಿಡ ಬಾವಲಿಯಂಗ ಜೋತು,
ಮುಗಿಲು ಕೆಳಗ ಚಾಪಿ ಹಾಸಿ,
ಅಂಗಳ ಹೋಗಿ ತೊಲಿಗೆ ಅಂಟಿ.
ನಾ ಒಳಗಿದ್ದೆ, ಹಂಗಾಗಿ ನಾ ಅಲ್ಲಿರಲಿಲ್ಲ.
ತಂತಿ ಮ್ಯಾಲ ನನ್ನ ಖಾಕಿ ಅಂಗಿ ಮಾತ್ರ:
ಕಾಲರು ಕೆಳಗ ಮಾಡಿ ಒಣಾಕಿದ್ದು.
ಹದಿನಾಲ್ಕು ಮಂದಿಯ ನಡುವ
ಅದೊಂದು ತಲಿ ಮ್ಯಾಲಾಗಿ ನಿಂತಿತ್ತು,
ಗಾಳಿ ಬಂದಾಗ ಎರಡೂ ತೋಳು ಎತ್ತಿ.

ಕಿಸೆದಾಗ ಮೇಣದ ಉಂಡಿ ಬಿಸಲಿಗೆ ಮೆತ್ತಗಾಗಿತ್ತು.
ಮಳಿಗೆ ಇನ್ನೂ ಹದಿನೈದು ದಿನ ಐತಿ.