ಅರ್ಧ ಪುಸ್ತಕ

ಹರಿದದ್ದು ನೂರಾ ಹನ್ನೆರಡನೇ ಪುಟದಲ್ಲಿ, ನೆನಪಿದೆಯೇನೇ ಶೇವಂತಿ,
ಕೋಡಿಬಾಗದ ಧಕ್ಕೆಯ ಮೇಲೆ, ಲಾಂಚು ಬರುವ ಮುಂಚೆ,
ನಿನ್ನ ಆಯಿಯ ಮೀನುಗತ್ತಿಯಿಂದ.
ರಟ್ಟು ಮೊದಲೇ ಇರಲಿಲ್ಲ. ಬರೆದವರು ಯಾರೋ.
ಒಂದೇ ಪುಸ್ತಕ, ಕಾಯಲಾರದ ಇಬ್ಬರು.
ಮೊದಲರ್ಧ ನನಗೆ,
ಉಳಿದದ್ದು ನಿನ್ನ ಬುಟ್ಟಿಯಲ್ಲಿ ಕಾಳಿ ದಾಟಿ ಸದಾಶಿವಗಡಕ್ಕೆ.

ನನ್ನ ಪಾಲಿಗೆ ಬಂದದ್ದು ಹೊರಡುವ ಗಡಿಬಿಡಿ:
ಭಟ್ಕಳದ ಹವ್ವಾ, ಚುಕ್ಕಿಗಳ ಹೆಸರು ಬಲ್ಲವಳು;
ಅಂಕೋಲೆಯ ಬೀರಿ, ಕೊರಳ ತುಂಬ ಕರಿಮಣಿ,
ಈಜು ಬಾರದು, ಹೆದರಿಕೆಯೂ ಬಾರದು.
ಫಿರಂಗಿಯವರ ರಹದಾರಿ ಕದ್ದು,
ಅಕ್ಕಿಮುಡಿಯೊಳಗೆ ಮೆಣಸು ತುಂಬಿ,
ಅಮಾಸೆಯಿರುಳು ದೋಣಿ ತಳ್ಳಿದಾಗ
‘ಹಿಂದೆ ನೋಡಬೇಡ’ ಅಂದಳು ಹವ್ವಾ.
‘ಮುಂದೆಯೂ ಏನೂ ಕಾಣೂದಿಲ್ಲ’ ಅಂದಳು ಬೀರಿ.
ಅಲ್ಲಿಗೆ ನನ್ನ ಪುಟ ಮುಗಿದಿತ್ತು.

ಆಮೇಲಿನದನ್ನು ನೀನು ದಿನಕ್ಕಿಷ್ಟು ತಂದೆ, ತಾರ್ಲೆಯ ಜೊತೆ.
ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು,
ಲಾಂಚಿನ ಗದ್ದಲದಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದೆ:
ಅಂಜದೀವಿಯ ಬಳಿ ತೋಪಿನ ಗುಂಡು,
ಹರಿದ ಹಾಯಿ, ಬೀರಿಯ ಸೀರೆಯೇ ಹಾಯಿಯಾದದ್ದು,
ಎರಡು ದಿನಕ್ಕೆ ಒಂದೇ ಎಳನೀರು.
ಬದಲಿಗೆ ನಾನು ಕೊಟ್ಟೆ ಅವರ ಮೊದಲ ಜಗಳ,
ಬಾವಿಕಟ್ಟೆಯಲ್ಲಿ, ಒಂದು ಕೊಡ ನೀರಿಗೆ.
ಅದನ್ನು ಮೂರು ಸಲ ಹೇಳಿಸಿದೆ ನೀನು.

ಕೊನೆಯ ದಿನ ಹೇಳಿದೆ: ಇಬ್ಬರೂ ಮುಟ್ಟಿದರು.
ಮೆಣಸು ಮಾರಿ, ಹೊನ್ನಾವರದ ಕಡೆ ಎಲ್ಲೋ
ಎರಡು ಬಾಗಿಲಿನ ಒಂದು ಮನೆ ಕಟ್ಟಿದರು.
ಹೇಳುವಾಗ ನನ್ನ ನೋಡಲಿಲ್ಲ, ನೀರು ನೋಡುತ್ತಿದ್ದೆ.
ಮುಂದಿನ ತಿಂಗಳು ಮದುವೆಯಾಗಿ ಕಾಣಕೋಣಕ್ಕೆ ಹೋದೆ.

ಈಗ ಸೇತುವೆಯಿದೆ. ಮೊನ್ನೆ ನಿನ್ನ ಮಗಳು
ಅದರ ಮೇಲೇ ಬಂದಳು, ಸ್ಕೂಟರಿನಲ್ಲಿ,
ಪ್ಲಾಸ್ಟಿಕ್ ಚೀಲದಲ್ಲಿ ನಿನ್ನ ಅರ್ಧ.
‘ಆಯಿ ಕೊಡಬೇಕೆಂದಿದ್ದಳು.’ ಚಾ ಕೂಡ ಕುಡಿಯಲಿಲ್ಲ.

ಅಂಟಿದ ಹಾಳೆ ಬಿಡಿಸಿ ಬಿಡಿಸಿ ಓದಿದೆ.
ಇನ್ನೂರಾ ಮೂರರಲ್ಲಿ ಬೀರಿ ಮುಳುಗುತ್ತಾಳಲ್ಲೇ,
ಅಳಿವೆಯ ಬಾಯಲ್ಲಿ, ದಡ ಕೂಗಳತೆಯಲ್ಲಿದ್ದಾಗ.
ರಹದಾರಿ ನೋಡುವವನು ಜನ ಎಷ್ಟು ಎನ್ನುತ್ತಾನೆ.
‘ಇಬ್ಬರು’ ಎನ್ನುತ್ತಾಳೆ ಹವ್ವಾ.

ಸುಳ್ಳಿ!
ಆಮೇಲೆ ಕಂಡಿತು, ಕೊನೆಯ ಖಾಲಿ ಹಾಳೆಯಲ್ಲಿ
ಪೆನ್ಸಿಲಿನಿಂದ ನೀನು ಬರೆದ ಮನೆ.
ಎರಡು ಬಾಗಿಲು, ಒಂದು ಒಲೆ, ಮೀನು ಒಣಗಿಸಲು ಜಾಗ.
ಪಕ್ಕದಲ್ಲಿ ಸೊಟ್ಟ ಅಕ್ಷರ:
ಬಾವಿ ಎಲ್ಲಿ? ಅವಳನ್ನು ಕೇಳಬೇಕು.

ಕೇಳಲೇ ಇಲ್ಲ ನೀನು.
ಮುಂದುಗಡೆಯೇ ಇರಲಿ ಮಾರಾಯ್ತಿ,
ಜಗಳಕ್ಕೆ ಅನುಕೂಲ.