ಅಡ್ಡಗೆರೆ

ವಾಲ್ಪರೈಸೊ. ಊರಿಗೆ ಊರೇ ಏರು.
ಅದಕ್ಕೇ ನಕ್ಷೆಯಲ್ಲಿ ಓರೆಗೆರೆ ಕಂಡರೆ
ಮಕ್ಕಳು ಗುಡ್ಡ ಅನ್ನುತ್ತಾರೆ.
"ಗುಡ್ಡವಲ್ರೋ, ವೇಗ!"
ಹೇಳಿ ಹೇಳಿ ಒಲಿವಾರೆಸ್ ಮೇಷ್ಟ್ರ
ಸೀಮೆಸುಣ್ಣ ಸವೆದಿದೆ.

ಎರ್ಮಿಂದಾ ಬರೆದು ತಂದದ್ದು
ಅಪ್ಪ ನಡೆಸುವ ಹಗ್ಗದ ಗಾಡಿ:
ಒಂದು ಏರಿದರೆ ಇನ್ನೊಂದು ಇಳಿಯುವ ಜೋಡಿ.
ಎರಡೂ ಗೆರೆ ನಡುದಾರಿಯಲ್ಲಿ ಕೂಡಿ
ನಾಲ್ಕು ನಿಮಿಷ
ಒಂದೇ ಗೆರೆಯಾಗಿ ಅಡ್ಡ ಮಲಗಿವೆ.

"ಇಲ್ಲೇನಾಯ್ತು?"
"ಕರೆಂಟು ಹೋಯ್ತು ಸರ್. ವೇಗ ಸೊನ್ನೆ."
"ಸರಿ. ಆಮೇಲೆ?"
"ಆ ಗಾಡಿಯ ಅಜ್ಜಿ
ಕಿಟಕಿಯಿಂದ ಕಿಟಕಿಗೆ
ಒಂದು ಕಿತ್ತಳೆ ದಾಟಿಸಿದಳು."

ಮೇಷ್ಟ್ರು ಹಾಳೆ ತಿರುಗಿಸಿ ತಿರುಗಿಸಿ ನೋಡಿದರು.
ಮೂಲೆಯಲ್ಲಿ ಸಿಪ್ಪೆಯ ವಾಸನೆ.
ಅಡ್ಡಕ್ಕೆ ಕಾಲ, ಮೇಲಕ್ಕೆ ದೂರ;
ಕಿತ್ತಳೆ ಹೋದ ದಿಕ್ಕಿಗೆ
ಅಕ್ಷವೇ ಇರಲಿಲ್ಲ.